ಎಪಿಡಾರಸ್‌ನಲ್ಲಿ ‘ಪಾರಸಿಕರು’: ಆರು ದಿನದ ಗ್ರೀಸ್ ಪ್ರವಾಸ

ಸಾಗರದ ನಮ್ಮ ಹವ್ಯಾಸಿ ತಂಡ ‘ಪಾರಸಿಕರು’ ಆಡಬೇಕು ಅಂತ ತೀರ್ಮಾನ ಮಾಡಿ ಎಂಟು ತಿಂಗಳಾಗಿತ್ತು. ಹಳೆಯ ಗ್ರೀಕ್ ಕವಿ ಈಸ್ಕಿಲಸ್‌ನ ಈ ನಾಟಕವನ್ನು ಬಿ.ಎಂ.ಶ್ರೀಯವರು 1935ರಲ್ಲಿ ಕನ್ನಡಕ್ಕೆ ತಂದರು. ನಮಗೆ ರಾಣಿ ಸಿಕ್ಕಿದ್ದಳು, ದೂತ ಸಿಕ್ಕಿದ್ದ, ಮಾತೆಲ್ಲ ಬಾಯಿಪಾಠ ಆಗಿತ್ತು. ಆದರೆ ಮೇಳದ, ಅಂದರೆ ಕೋರಸ್ಸಿನ, ಹತ್ತಿರ ಬಂದು ನಿಂತುಬಿಟ್ಟೆವು. ಹನ್ನೆರಡು ಜನ ಸಾಲಾಗಿ ನಿಂತು ಒಟ್ಟಿಗೆ ಮಾತು ಹೇಳಿದರೆ ಶಾಲೆಯ ಬೆಳಗಿನ ಪ್ರಾರ್ಥನೆ ಕೇಳಿದ ಹಾಗೆ ಆಗುತ್ತಿತ್ತು. ಬಿಡಿಬಿಡಿಯಾಗಿ ಹೇಳಿಸಿದರೆ ಮೇಳವೇ ಇರುತ್ತಿರಲಿಲ್ಲ.

ಆಗ ಜರ್ಮನಿಯಲ್ಲಿ ಕೆಲಸದಲ್ಲಿರುವ ಅಕ್ಕನ ಮಗಳು ಪುಟ್ಟಿ ಫೋನ್ ಮಾಡಿದಳು. “ಮಾವ, ಜುಲೈಯಲ್ಲಿ ಎಪಿಡಾರಸ್‌ನಲ್ಲಿ ಅದೇ ನಾಟಕ ಇದೆ. ಟಿಕೆಟ್ ತೆಗೀಲಾ?” ಎಂದಳು. ಎರಡು ದಿನ ಯೋಚಿಸಿ ಹ್ಞೂಂ ಅಂದೆ.

ಮೊದಲ ದಿನ, ಸೋಮವಾರ: ಅಥೆನ್ಸ್

ಮಧ್ಯಾಹ್ನ ಇಳಿದಾಗ ಬಿಸಿಲು ನಮ್ಮ ರಾಯಚೂರಿನ ಏಪ್ರಿಲ್ ಬಿಸಿಲಿನ ಹಾಗೇ ಇತ್ತು. ಪುಟ್ಟಿ ನನಗಿಂತ ಮೊದಲೇ ಬಂದು ಕಾಯುತ್ತಿದ್ದಳು. ರೂಮಿನಲ್ಲಿ ಚೀಲ ಇಟ್ಟು, ಬಿಸಿಲು ಇಳಿಯಲಿ ಅಂತ ಕಾದು, ಸಂಜೆ ಆಕ್ರೊಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರಿಗೆ ಹೋದೆವು. ಜನರೆಲ್ಲ ಮೇಲಿನ ಪಾರ್ಥೆನಾನ್ ಕಡೆ ಹತ್ತುತ್ತಿದ್ದರು. ನಾನು ಬಂದದ್ದು ಕೆಳಗಿನ ಡಯೋನಿಸಸ್ ರಂಗಸ್ಥಳಕ್ಕೆ. ಈಸ್ಕಿಲಸ್, ಸೊಫೊಕ್ಲೀಸ್, ಯೂರಿಪಿಡೀಸ್ ಮೂವರ ನಾಟಕಗಳೂ ಮೊದಲು ಆಡಿದ್ದು ಇಲ್ಲೇ.

ಈಗ ಕಾಣುವ ಕಲ್ಲಿನ ಮೆಟ್ಟಿಲುಗಳು ಅವರ ಕಾಲದವಲ್ಲ. ಅವು ಕ್ರಿ.ಪೂ. 4ನೇ ಶತಮಾನದವು. ಈಸ್ಕಿಲಸ್‌ನ ಕಾಲದಲ್ಲಿ ಮರದ ಬೆಂಚುಗಳಿದ್ದವು. ಮುಂದಿನ ಸಾಲಿನಲ್ಲಿ ಅಮೃತಶಿಲೆಯ ಪೀಠಗಳಿವೆ. ನಡುವಿನದು ಡಯೋನಿಸಸ್ ದೇವರ ಪೂಜಾರಿಯದು. ಅದರ ಕಾಲುಗಳಿಗೆ ಸಿಂಹದ ಪಂಜ, ಬೆನ್ನಿನ ಕಡೆ ದ್ರಾಕ್ಷಿ ಗೊಂಚಲು ಕೆತ್ತಿದ್ದಾರೆ. ನಾನು ಹಗ್ಗದ ಆಚೆಗೆ ಬಗ್ಗಿ ನೋಡುತ್ತಿದ್ದೆ. “ಮಾವ, ಮುಟ್ಟಬೇಡಿ, ಗಾರ್ಡ್ ಇಲ್ಲೇ ನೋಡ್ತಿದ್ದಾನೆ” ಅಂತ ಪುಟ್ಟಿ ತೋಳು ಹಿಡಿದು ಎಳೆದಳು.

ನಮ್ಮ ಕಡೆಯ ಬಯಲಾಟ ನೋಡಿ ಬೆಳೆದವರಿಗೆ ಈ ಜಾಗ ಅಪರಿಚಿತ ಅನಿಸುವುದಿಲ್ಲ. ದೇವರ ಉತ್ಸವಕ್ಕೆ ಆಟ. ಮೇಲೆ ಆಕಾಶ, ಸುತ್ತ ಇಡೀ ಊರು. ಮೇಳದ ಖರ್ಚು ಹೊರುವುದಕ್ಕೆ ಊರಿನ ಒಬ್ಬ ಶ್ರೀಮಂತನನ್ನು ನೇಮಿಸುತ್ತಿದ್ದರು, ಅವನಿಗೆ ಖೊರೆಗೋಸ್ ಅಂತ ಹೆಸರು. ನಮ್ಮಲ್ಲಿ ಹರಕೆ ಆಟ ಆಡಿಸುವ ಮನೆಯವರು ಇರ್ತಾರಲ್ವಾ, ಹೆಚ್ಚುಕಡಿಮೆ ಹಾಗೆ. ಆಡುವವರೆಲ್ಲ ಗಂಡಸರು, ಎಲ್ಲರಿಗೂ ಮುಖವಾಡ. ಇನ್ನು ಪದಗಳನ್ನೇ ನೋಡಿ. ‘ಆರ್ಕೆಸ್ಟ್ರಾ’ ಅಂದರೆ ನಮಗೆ ಹಾಡಿನ ತಂಡ. ಗ್ರೀಕರಿಗೆ ಅದು ಮೇಳ ಕುಣಿಯುವ ದುಂಡು ಅಂಗಳ. ‘ಸೀನ್’ ಅನ್ನುವ ಮಾತು ಬಂದದ್ದು ‘ಸ್ಕೀನೆ’ಯಿಂದ. ಅದು ಅಂಗಳದ ಹಿಂದೆ ವೇಷ ಬದಲಿಸಲು ಹಾಕಿದ ಡೇರೆ, ನಮ್ಮ ಚೌಕಿ.

ಆದರೆ ಒಂದು ದೊಡ್ಡ ವ್ಯತ್ಯಾಸವೂ ಇದೆ. ಪ್ರತಿ ವಸಂತದಲ್ಲಿ ಮೂವರು ಕವಿಗಳ ನಡುವೆ ಇಲ್ಲಿ ಸ್ಪರ್ಧೆ. ಒಬ್ಬೊಬ್ಬರೂ ಮೂರು ರುದ್ರನಾಟಕ, ಕೊನೆಗೆ ಸ್ಯಾಟಿರ್ ಅನ್ನುವ ಒಂದು ನಗೆಯಾಟ ಕೊಡಬೇಕು. ಕ್ರಿ.ಪೂ. 472ರಲ್ಲಿ ಈಸ್ಕಿಲಸ್ ಆಡಿಸಿದ ನಾಟಕಗಳಲ್ಲಿ ‘ಪಾರಸಿಕರು’ ಒಂದು. ಆ ವರ್ಷ ಅವನಿಗೇ ಮೊದಲ ಬಹುಮಾನ. ಅವನ ಖೊರೆಗೋಸ್ ಆಗಿದ್ದವನು ಮುಂದೆ ಅಥೆನ್ಸಿನ ದೊಡ್ಡ ನಾಯಕನಾದ ಪೆರಿಕ್ಲೀಸ್, ಆಗಿನ್ನೂ ಇಪ್ಪತ್ತು ದಾಟಿದ ತರುಣ.

ಅಲ್ಲಿ ಕೂತು ನಾನು ಲೆಕ್ಕ ಹಾಕಿದೆ. ಪರ್ಷಿಯಾದ ಸೈನ್ಯ ಅಥೆನ್ಸಿಗೆ ನುಗ್ಗಿ ಈ ಗುಡ್ಡದ ಮೇಲಿನ ಗುಡಿಗಳನ್ನು ಸುಟ್ಟದ್ದು ಕ್ರಿ.ಪೂ. 480ರಲ್ಲಿ. ನಾಟಕ ಆಡಿದ್ದು ಅದಾಗಿ ಎಂಟೇ ವರ್ಷಕ್ಕೆ. ಪಾರ್ಥೆನಾನ್ ಕಟ್ಟಲು ಶುರು ಮಾಡಿದ್ದು ಅದರ ಮೇಲೆ ಇನ್ನೂ ಇಪ್ಪತ್ತೈದು ವರ್ಷಕ್ಕೆ. ಅಂದರೆ ಅವತ್ತು ನೋಡುವವರ ಬೆನ್ನ ಹಿಂದೆ, ಗುಡ್ಡದ ಮೇಲೆ ಇದ್ದದ್ದು ಸುಟ್ಟ ಗುಡಿಗಳ ಅವಶೇಷ. ಸುಟ್ಟವರು ಯಾರು ಅಂತ ಎಲ್ಲರಿಗೂ ಗೊತ್ತು. ಹಾಗಿದ್ದೂ ಅಂಗಳದಲ್ಲಿ ಅಳುತ್ತಿದ್ದವರು ಅದೇ ಪರ್ಷಿಯಾದ ಮುದುಕರು, ಪರ್ಷಿಯಾದ ರಾಣಿ. ಇಡೀ ನಾಟಕದಲ್ಲಿ ಒಬ್ಬ ಗ್ರೀಕನ ಹೆಸರೂ ಬರುವುದಿಲ್ಲ. ಗೆದ್ದವನು ಗೆದ್ದ ಊರಿನಲ್ಲೇ ಕೂತು ಸೋತವನ ಮನೆಯ ಅಳುವನ್ನು ಬರೆದಿದ್ದಾನೆ.

ಪುಟ್ಟಿ ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ “ಜನ ಒಪ್ಪಿಕೊಂಡ್ರಾ?” ಅಂತ ಕೇಳಿದಳು. ಬಹುಮಾನ ಕೊಟ್ಟರಲ್ಲ ಅಂದೆ.

ಎರಡನೇ ದಿನ, ಮಂಗಳವಾರ: ಸಲಾಮಿಸ್

ಬೆಳಿಗ್ಗೆ ಎಳ್ಳು ಮೆತ್ತಿದ ಬಳೆಯಾಕಾರದ ಕುಲೂರಿ ತಿಂದು, ಪಿರೇಯಸ್ ಬಂದರಿನ ತನಕ ಮೆಟ್ರೋ ಹಿಡಿದೆವು. ಅಲ್ಲಿಂದ ಬಸ್ಸಿನಲ್ಲಿ ಪೆರಾಮಾ. ಪೆರಾಮಾ ಅಂದರೆ ಹಡಗು ರಿಪೇರಿ ಮಾಡುವ ಊರು. ಗ್ಯಾಸ್ ವೆಲ್ಡಿಂಗ್ ವಾಸನೆ, ತುಕ್ಕು, ಕ್ರೇನ್. ಅಲ್ಲಿಂದ ಸಲಾಮಿಸ್ ದ್ವೀಪಕ್ಕೆ ಲಾಂಚ್ ಹೋಗುತ್ತದೆ. ನಮ್ಮ ಸಿಗಂದೂರಿಗೆ ಹೋಗಲು ಶರಾವತಿ ಹಿನ್ನೀರು ದಾಟುತ್ತಿದ್ದ ಲಾಂಚಿನ ಹಾಗೆ, ಕಾರು, ಲಾರಿ, ಜನ ಎಲ್ಲ ಒಟ್ಟಿಗೆ. ಕಾಲು ಗಂಟೆಯಲ್ಲಿ ಆಚೆ ದಡ.

ಆ ಕಾಲು ಗಂಟೆಯ ನೀರಿನಲ್ಲೇ ಗ್ರೀಕರು ಪರ್ಷಿಯಾದ ಹಡಗುಗಳನ್ನು ಸೋಲಿಸಿದ ಆ ಯುದ್ಧ ನಡೆದದ್ದು. ನಾಟಕದ ದೂತ ಲೆಕ್ಕ ಹೇಳುತ್ತಾನೆ: ಗ್ರೀಕರ ಹಡಗು 300 ಚಿಲ್ಲರೆ, ಪರ್ಷಿಯಾದ ದೊರೆ ಕ್ಸರ್ಕ್ಸೀಸನವು 1000ಕ್ಕೂ ಜಾಸ್ತಿ. ಲಾಂಚಿನ ಕಟಾಂಜನ ಹಿಡಿದು ಎರಡೂ ದಡ ನೋಡಿದೆ. ಇಷ್ಟು ಇಕ್ಕಟ್ಟಿನಲ್ಲಿ ಸಾವಿರ ಹಡಗು ತಿರುಗುವುದಾದರೂ ಹೇಗೆ? ಒಂದಕ್ಕೊಂದು ಡಿಕ್ಕಿ ಹೊಡೆದು, ಹುಟ್ಟುಗಳು ಮುರಿದು, ನೀರೇ ಕಾಣದಷ್ಟು ಹೆಣ ತುಂಬಿದವು ಅಂತ ದೂತ ಹೇಳುವುದು ಬರೀ ಕವಿಯ ಮಾತು ಅಂದುಕೊಂಡಿದ್ದೆ. ಇಲ್ಲಿ ನಿಂತ ಮೇಲೆ ಅದು ಕಣ್ಣಾರೆ ಕಂಡವನ ಮಾತು ಅನಿಸಿತು. ಈಸ್ಕಿಲಸ್ ಇದಕ್ಕೂ ಮೊದಲು ಮ್ಯಾರಥಾನ್‌ನಲ್ಲಿ ಪರ್ಷಿಯಾದವರ ಮೇಲೆ ಕಾದಾಡಿದವನು. ಅಲ್ಲಿ ಅವನ ಅಣ್ಣತಮ್ಮಂದಿರಲ್ಲೊಬ್ಬ ಸತ್ತ. ಸಲಾಮಿಸ್‌ನಲ್ಲೂ ಅವನಿದ್ದ ಅಂತ ಹಳಬರು ಹೇಳುತ್ತಾರೆ. ಇನ್ನೊಂದು ಕಥೆಯೂ ಇದೆ. ಈ ಗೆಲುವಿನ ಹಾಡಿಗೆ ಹುಡುಗರ ಮೇಳ ನಡೆಸಿದವನು ಸೊಫೊಕ್ಲೀಸ್, ಯುದ್ಧದ ದಿನವೇ ಇಲ್ಲಿ ಹುಟ್ಟಿದವನು ಯೂರಿಪಿಡೀಸ್ ಅಂತ. ಮೂವರನ್ನೂ ಒಂದೇ ನೀರಿಗೆ ಕಟ್ಟುವ ಆಸೆ ಜನರಿಗೆ ಇದ್ದಿರಬೇಕು.

ಪಲೂಕಿಯಾ ಅನ್ನುವ ಕಡೆ ಇಳಿದು, ಟ್ಯಾಕ್ಸಿ ಹಿಡಿದು ಕಿನೊಸೂರಾ ಅನ್ನುವ ನೆಲದ ಮೂಗಿನ ತನಕ ಹೋದೆವು. ಅಲ್ಲಿ ಇಬ್ಬರು ಯೋಧರ ಕಂಚಿನ ಪ್ರತಿಮೆ ಇದೆ. ನೀರಿನ ಕಡೆ ನೋಡುತ್ತಿದ್ದಾರೆ. ಬೇರೆ ಯಾರೂ ಇರಲಿಲ್ಲ.

ಅಲ್ಲಿ ಕೂತಾಗಲೇ ಒಂದು ವಿಷಯ ಹೊಳೆಯಿತು. ಇಷ್ಟು ವರ್ಷ ಎರಡೂ ಪುಸ್ತಕ ಇಟ್ಟುಕೊಂಡೂ ಜೋಡಿಸಿ ನೋಡಿರಲಿಲ್ಲ. ಬಿ.ಎಂ.ಶ್ರೀ 1929ರಲ್ಲಿ ‘ಅಶ್ವತ್ಥಾಮನ್’ ಬರೆದರಲ್ಲ, ಅದಕ್ಕೆ ಅಚ್ಚು ಸೊಫೊಕ್ಲೀಸನ ‘ಏಜಾಕ್ಸ್’. ಏಜಾಕ್ಸ್ ಯಾವ ಊರಿನವನು? ಇದೇ ಸಲಾಮಿಸ್‌ನವನು. ಆ ನಾಟಕದ ಮೇಳ ಅವನ ಜೊತೆ ಬಂದ ಸಲಾಮಿಸ್‌ನ ನಾವಿಕರದ್ದು. ಅಂದರೆ ಕನ್ನಡಕ್ಕೆ ಗ್ರೀಕ್ ರುದ್ರನಾಟಕದ ದಾರಿ ತೆರೆದ ಎರಡು ನಾಟಕಗಳೂ ಈ ಪುಟ್ಟ ದ್ವೀಪಕ್ಕೇ ಬಂದು ಮುಟ್ಟುತ್ತವೆ. ಪುಟ್ಟಿಗೆ ಹೇಳಿದೆ. ಅವಳು ಒಂದು ಬೆಣಚುಕಲ್ಲು ಆರಿಸಿ ನನ್ನ ಜೇಬಿಗೆ ಹಾಕಿದಳು. ತೆಗೆದು ಅಲ್ಲೇ ಇಟ್ಟೆ. ಅದು ಅಲ್ಲಿರಬೇಕಾದ್ದು.

ಮೂರನೇ ದಿನ, ಬುಧವಾರ: ಡೆಲ್ಫಿ

ಬೆಳಿಗ್ಗೆಯೇ ಒಂದು ಗಂಟೆ ಹಾಳಾಯಿತು. ಅಥೆನ್ಸಿನಲ್ಲಿ ದೂರದ ಬಸ್ಸುಗಳಿಗೆ ಎರಡು ನಿಲ್ದಾಣ. ನಮಗೆ ದಾರಿ ಹೇಳಿದವರು ತಪ್ಪು ನಿಲ್ದಾಣ ಹೇಳಿದ್ದರು. ಓಡಿ ಹೋಗಿ ಇನ್ನೊಂದು ಬಸ್ಸು ಹಿಡಿದೆವು.

ಬಸ್ಸು ಥೀಬ್ಸ್ ಕಡೆಯಿಂದ ಬೆಟ್ಟಕ್ಕೆ ಹತ್ತುತ್ತದೆ. ಈ ಸೀಮೆಯಲ್ಲೇ ಎಲ್ಲೋ ಮೂರು ದಾರಿ ಕೂಡುವ ಕಡೆ ಈಡಿಪಸ್ ತನಗೆ ಗೊತ್ತಿಲ್ಲದೆ ಅಪ್ಪನನ್ನು ಕೊಂದದ್ದು. ಅವನ ಕಥೆಯ ಸೊಫೊಕ್ಲೀಸನ ನಾಟಕವನ್ನು ಲಂಕೇಶರು ಕನ್ನಡಕ್ಕೆ ತಂದರು, ಬಿ.ವಿ. ಕಾರಂತರು 1972ರಲ್ಲಿ ಬೆಂಗಳೂರಿನಲ್ಲಿ ಬಯಲಿನಲ್ಲಿ ಆಡಿಸಿದರು. ನಮ್ಮ ತಂದೆ ಅದನ್ನು ನೋಡಿ ಬಂದು ತಿಂಗಳುಗಟ್ಟಲೆ ಅದೇ ಮಾತು ಆಡುತ್ತಿದ್ದರು. ಕಿಟಕಿಯಿಂದ ಹೊರಗೆ ನೋಡಿದರೆ ಒಣಗಿದ ಗುಡ್ಡ, ಆಲಿವ್ ಮರ, ಮೇಕೆ. ಅಪ್ಪನಿಗೆ ಒಂದು ಫೋಟೋ ತೋರಿಸಬೇಕಿತ್ತು ಅನಿಸಿತು.

ಡೆಲ್ಫಿಯಲ್ಲಿ ಅಪೊಲೊ ಗುಡಿ, ಅದರ ಮೇಲೆ ರಂಗಸ್ಥಳ, ಅದರ ಕೆಳಗೆ ಕಣಿವೆ ತುಂಬ ಆಲಿವ್ ತೋಪು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಊರಿನ ಮೇಲ್ಗಡೆಯ ಒಂದು ಮನೆ. ಅದು ಕವಿ ಆಂಗೆಲೋಸ್ ಸಿಕೆಲಿಯಾನೋಸ್ ಮತ್ತು ಅವರ ಹೆಂಡತಿ ಎವಾ ಪಾಮರ್ ಇದ್ದ ಮನೆ, ಈಗ ಮ್ಯೂಸಿಯಂ. ಎವಾ ಅಮೆರಿಕದವರು. 1927ರಲ್ಲಿ ಇಬ್ಬರೂ ಸೇರಿ ಡೆಲ್ಫಿಯ ಹಳೆಯ ರಂಗಸ್ಥಳದಲ್ಲಿ ‘ಪ್ರೊಮಿಥಿಯಸ್’ ಆಡಿಸಿದರು. 1930ರಲ್ಲಿ ಮತ್ತೊಮ್ಮೆ ಉತ್ಸವ ಮಾಡಿದರು. ಕೈಯಲ್ಲಿದ್ದ ದುಡ್ಡೆಲ್ಲ ಅದಕ್ಕೇ ಹೋಯಿತು.

ಮನೆಯೊಳಗೆ ಎವಾ ಅವರ ಮಗ್ಗ ಇದೆ. ಮೇಳದ ಉಡುಪುಗಳನ್ನು ನೇಯುವ ಕೆಲಸಕ್ಕೆ ಅವರೇ ಕೂತರು. ಅಂಗಡಿಯ ಬಟ್ಟೆ ಮೈಮೇಲೆ ಬೀಳುವ ರೀತಿಯೇ ಬೇರೆ. ಹಳೆಯ ಶಿಲ್ಪಗಳಲ್ಲಿ ಕಾಣುವ ಮಡಿಕೆ ಅದರಲ್ಲಿ ಬರುವುದಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಒಂದು ಉಡುಪು ನೋಡಿದೆ. ನೂಲು ದಪ್ಪ, ಅಂಚು ಸ್ವಲ್ಪ ಸೊಟ್ಟ, ಬಣ್ಣ ಮಾಸಿದೆ. ಮೊಳಕೈ ಹತ್ತಿರ ಒಂದು ಎಳೆ ಬಿಟ್ಟುಹೋಗಿದೆ. ಅದನ್ನು ತೊಟ್ಟು ತೋಳೆತ್ತಿದರೆ ಮಡಿಕೆಗಳು ಹೇಗೆ ಬೀಳುತ್ತವೆ ಅಂತ ನಿಂತಲ್ಲೇ ಊಹಿಸಿಕೊಂಡೆ.

ಹಾಡಿನ ಸಮಸ್ಯೆ ಇನ್ನೂ ದೊಡ್ಡದು. ಗ್ರೀಕ್ ನಾಟಕದ ಮಾತು ಉಳಿದಿದೆ, ರಾಗ ಹೋಯಿತು, ಹೆಜ್ಜೆಯೂ ಹೋಯಿತು. ಮೇಳ ಕುಣಿಯುತ್ತಿತ್ತು ಅಂತ ಗೊತ್ತು, ಹೇಗೆ ಅಂತ ಹೇಳುವವರಿಲ್ಲ. ಎವಾ ಚರ್ಚಿನ ಬೈಜಾಂಟಿಯನ್ ಹಾಡುಗಾರಿಕೆಯನ್ನು ವರ್ಷಗಟ್ಟಲೆ ಕಲಿತರು. ಅವರ ಗುರು ಪ್ಸಾಖೋಸ್ ಮೇಳಕ್ಕೆ ಅದೇ ಧಾಟಿಯಲ್ಲಿ ರಾಗ ಹಾಕಿದರು. ಹೆಜ್ಜೆಗಳನ್ನು ಎವಾ ಹಳೆಯ ಮಡಕೆಗಳ ಮೇಲಿನ ಚಿತ್ರ ನೋಡಿ ಕಟ್ಟಿದರು. ಕ್ರಿ.ಪೂ. 5ನೇ ಶತಮಾನದಲ್ಲಿ ಹೀಗೇ ಇತ್ತು ಅಂತ ಯಾರೂ ಪ್ರಮಾಣ ಮಾಡಲಾರರು. ಆದರೆ ಅವರು ಜೀವ ಇರುವ ಒಂದು ಹಾಡಿನ ಸಂಪ್ರದಾಯ ಹಿಡಿದು ಹೊರಟರು. ನನಗೆ ಇದು ತುಂಬ ಸರಿ ಅನಿಸಿತು.

ಇದರಲ್ಲಿ ಭಾರತದ ಎಳೆಯೂ ಒಂದಿದೆ. ದಾದಾಭಾಯಿ ನವರೋಜಿಯವರ ಮೊಮ್ಮಗಳು ಖುರ್ಷಿದ್ ನವರೋಜಿ 1920ರ ದಶಕದಲ್ಲಿ ಗ್ರೀಸಿಗೆ ಬಂದು ಎವಾ ಜೊತೆ ಇದ್ದರು. ಪಾಶ್ಚಾತ್ಯ ಸಂಗೀತ ಕಲಿಯಲು ಯುರೋಪಿಗೆ ಬಂದವರಿಗೆ ಇಲ್ಲಿ ಪೂರ್ವದ ಸ್ವರಗಳ ರುಚಿ ಹತ್ತಿತು. ಭಾರತಕ್ಕೆ ವಾಪಸ್ ಹೋದ ಮೇಲೆ ಗಾಂಧೀಜಿಯವರ ಚಳವಳಿಗೆ ಸೇರಿ ಜೈಲಿಗೂ ಹೋದರು. ನವರೋಜಿಯವರು ಪಾರ್ಸಿಗಳು, ಅಂದರೆ ಅವರ ಹಿರಿಯರು ಪರ್ಷಿಯಾದವರು. ‘ಪಾರಸಿಕರು’ ನೋಡಲು ಹೊರಟ ನಾನು ಈ ಹೆಸರನ್ನು ಎರಡು ಸಲ ಓದಿಕೊಂಡೆ.

ಎವಾ 1952ರಲ್ಲಿ ಡೆಲ್ಫಿಯಲ್ಲೇ ತೀರಿಕೊಂಡರು. ಸಮಾಧಿಯೂ ಇಲ್ಲೇ. ಪುಟ್ಟಿ ದಾರಿಬದಿಯ ಒಂದು ಕಾಡುಹೂ ಇಟ್ಟಳು.

ನಾಲ್ಕನೇ ದಿನ, ಗುರುವಾರ: ಅಥೆನ್ಸ್, ಲಿಗೂರಿಯೋ

ಬೆಳಿಗ್ಗೆ ಎರಡೇ ಕೆಲಸ. ಪ್ಲಾಕಾ ಬೀದಿಯಲ್ಲಿ ಲೈಸಿಕ್ರೆಟೀಸ್ ಅನ್ನುವ ಖೊರೆಗೋಸ್ ತನ್ನ ಮೇಳ ಗೆದ್ದದ್ದಕ್ಕೆ ಕಟ್ಟಿಸಿದ ದುಂಡು ಗೋಪುರ ನೋಡಿದೆವು. ಆಮೇಲೆ ರಾಷ್ಟ್ರೀಯ ರಂಗಮಂದಿರದ ಮುಂದೆ ಹೋಗಿ ನಿಂತೆವು. ಮೊದಲು ಅದಕ್ಕೆ ರಾಯಲ್ ಥಿಯೇಟರ್ ಅಂತ ಹೆಸರು. 1903ರಲ್ಲಿ ಈಸ್ಕಿಲಸ್‌ನ ‘ಒರೆಸ್ತೈಯಾ’ವನ್ನು ಇಲ್ಲಿ ಈಗಿನ ಜನರ ಮಾತಿಗೆ ಹತ್ತಿರದ ಗ್ರೀಕಿನಲ್ಲಿ ಆಡಿದ್ದಕ್ಕೆ ವಿದ್ಯಾರ್ಥಿಗಳು ಬೀದಿಗಿಳಿದರು. ಗಲಭೆಯಾಗಿ ಜೀವವೂ ಹೋಯಿತು. ಹಳೆಯ ನಾಟಕವನ್ನು ಹಳೆಯ ಮಾತಿನಲ್ಲೇ ಆಡಬೇಕಾ, ಇವತ್ತಿನ ಮಾತಿನಲ್ಲಾ ಅನ್ನುವ ಜಗಳ. ಬಿ.ಎಂ.ಶ್ರೀಯವರ ಹಳಗನ್ನಡದ ಗತ್ತನ್ನು ಇವತ್ತಿನ ಹುಡುಗರ ಬಾಯಿಗೆ ಹೇಗೆ ತರುವುದು ಅಂತ ನಮ್ಮ ತಂಡದಲ್ಲೂ ತಿಂಗಳುಗಟ್ಟಲೆ ವಾದ ನಡೆದಿದೆ.

ಮಧ್ಯಾಹ್ನದ ಬಸ್ಸಿಗೆ ಹೊರಟು ಸಂಜೆ ಲಿಗೂರಿಯೋ ಹಳ್ಳಿ ಸೇರಿದೆವು. ಎಪಿಡಾರಸ್ ರಂಗಸ್ಥಳಕ್ಕೆ ತೀರಾ ಹತ್ತಿರ. ಬೇಗ ಮಲಗಿದೆವು.

ಐದನೇ ದಿನ, ಶುಕ್ರವಾರ: ಎಪಿಡಾರಸ್

ಬೆಳಿಗ್ಗೆ ಎಂಟಕ್ಕೆ ಗೇಟಿನ ಹತ್ತಿರ ಇದ್ದೆವು. ಪೈನ್ ಮರಗಳ ನಡುವೆ ನಡೆದು, ಒಂದು ತಿರುವು ತಿರುಗಿದರೆ ಇಡೀ ಗುಡ್ಡವೇ ಬೊಗಸೆ ಒಡ್ಡಿದ ಹಾಗೆ. ಕೆಳಗೆ 34 ಸಾಲು, ನಡುವೆ ಓಡಾಡುವ ದಾರಿ, ಮೇಲೆ 21 ಸಾಲು. ಕೆಳಗಿನ ಅಂಗಳ ಅಳೆದು ಎಳೆದ ವೃತ್ತ, ಸುತ್ತ ಕಲ್ಲಿನ ಅಂಚು, ಒಳಗೆ ಬರೀ ಮಣ್ಣು. ನಟ್ಟನಡುವೆ ಒಂದು ದುಂಡು ಕಲ್ಲು.

ಪುಟ್ಟಿ ಆ ಕಲ್ಲಿನ ಮೇಲೆ ನಿಂತಳು. ನಾನು 55ನೇ ಸಾಲಿಗೆ ಹತ್ತಿದೆ, ಮಂಡಿ ನೋವು ಬಂತು. ಅವಳು ದನಿ ಏರಿಸದೆ “ಮಾವ, ಕೇಳ್ತಾ? ನೀರಿನ ಬಾಟ್ಲಿ ನಿಮ್ಮ ಹತ್ರಾನೇ ಇದೆ” ಅಂದಳು. ಪಕ್ಕದಲ್ಲಿ ಕೂತು ಹೇಳಿದ ಹಾಗೆ ಕೇಳಿಸಿತು. ಆಮೇಲೆ ಒಬ್ಬ ಗೈಡ್ ನಾಣ್ಯ ಬೀಳಿಸಿ ತೋರಿಸಿದ. ಆ ಸದ್ದು ಅಷ್ಟು ಮೇಲಕ್ಕೆ ಬರಲಿಲ್ಲ. ಮಾತು ಇಷ್ಟು ಚೆನ್ನಾಗಿ ಕೇಳಿಸುವುದಕ್ಕೆ 2007ರಲ್ಲಿ ಅಮೆರಿಕದ ವಿಜ್ಞಾನಿಗಳು ಒಂದು ಕಾರಣ ಹೇಳಿದರು. ಏರಿಳಿಯುವ ಕಲ್ಲಿನ ಸಾಲುಗಳು ಗಾಳಿ, ಗುಸುಗುಸು ಇಂಥ ತಗ್ಗಿನ ಸದ್ದನ್ನು ಅಡಗಿಸಿ ಮಾತಿನ ಸದ್ದನ್ನು ಉಳಿಸುತ್ತವೆ ಅಂತ. ಆಮೇಲೆ ನೆದರ್‌ಲ್ಯಾಂಡ್ಸ್‌ನವರು ಅಳತೆ ಮಾಡಿ, ಗೈಡುಗಳು ಹೇಳುವಷ್ಟು ಪವಾಡ ಇಲ್ಲ, ಆದರೆ ಪಳಗಿದ ನಟನ ದನಿ ಕೊನೆಯ ಸಾಲಿಗೂ ಮುಟ್ಟುತ್ತದೆ ಅಂದರು. ನನ್ನ ಕಿವಿಯ ಸಾಕ್ಷಿಯೂ ಅದೇ.

ಈ ರಂಗಸ್ಥಳ ಇರುವುದು ಒಂದು ಆಸ್ಪತ್ರೆಯ ಅಂಗಳದಲ್ಲಿ ಅಂತ ಹೇಳಬಹುದು. ಇದು ವೈದ್ಯದೇವರು ಅಸ್ಕ್ಲೀಪಿಯಸ್‌ನ ಕ್ಷೇತ್ರ. ಅವನ ಕೋಲಿಗೆ ಹಾವು ಸುತ್ತಿಕೊಂಡಿರುತ್ತದೆ. ಕಾಯಿಲೆಯವರು ಬಂದು, ಸ್ನಾನ ಮಾಡಿ, ಹರಕೆ ಒಪ್ಪಿಸಿ, ರಾತ್ರಿ ಗುಡಿಯ ಪಕ್ಕದ ಜಗಲಿಯಲ್ಲಿ ಮಲಗುತ್ತಿದ್ದರು. ದೇವರು ಕನಸಿನಲ್ಲಿ ಬಂದು ಔಷಧಿ ಹೇಳಬೇಕು. ವಾಸಿಯಾದವರ ಕಥೆಗಳನ್ನು ಕಲ್ಲಿನ ಮೇಲೆ ಕೆತ್ತಿಸಿದ್ದಾರೆ. ಕುಕ್ಕೆಗೆ ಹೋಗಿ ಬರುವ ನಮ್ಮ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಜಾಗದಲ್ಲಿ ನಾಟಕಕ್ಕೆ ಇಷ್ಟು ದೊಡ್ಡ ರಂಗಸ್ಥಳ ಕಟ್ಟಿದ್ದಾರೆ ಅನ್ನುವುದು ಮಾತ್ರ ನನ್ನ ತಲೆಯಲ್ಲಿ ಇಡೀ ದಿನ ಸುತ್ತುತ್ತಿತ್ತು.

ಶತಮಾನಗಟ್ಟಲೆ ಇದು ಮಣ್ಣಿನಡಿ ಇತ್ತು. 1881ರಲ್ಲಿ ಅಗೆದು ತೆಗೆಯಲು ಶುರು ಮಾಡಿದರು. ಹೊಸ ಕಾಲದ ಮೊದಲ ನಾಟಕ 1938ರಲ್ಲಿ, ದಿಮಿತ್ರಿಸ್ ರೊಂದಿರಿಸ್ ನಿರ್ದೇಶಿಸಿದ ಸೊಫೊಕ್ಲೀಸನ ‘ಎಲೆಕ್ಟ್ರಾ’. ಉತ್ಸವ ಶುರುವಾದದ್ದು 1955ರಲ್ಲಿ. ಮೇಳಕ್ಕೆ ಒಬ್ಬೊಬ್ಬರು ಒಂದೊಂದು ದಾರಿ ಹುಡುಕಿದರು. ರೊಂದಿರಿಸ್ ಇಡೀ ಮೇಳವನ್ನು ಒಂದೇ ಗಂಟಲು ಅನ್ನುವ ಹಾಗೆ ಮಾತಾಡಿಸಿದರು. ಕಾರೊಲೊಸ್ ಕೂನ್ ಜಾನಪದದ ಕಡೆ, ಹಳ್ಳಿಯ ಮೈಕಟ್ಟಿನ ಕಡೆ ಹೋದರು. ಅವರ ‘ಪಾರಸಿಕರು’ 1965ರಲ್ಲಿ ಲಂಡನ್ನಿಗೂ ಹೋಯಿತು. ಆದರೆ ಎಪಿಡಾರಸ್ ಬಾಗಿಲು ಅವರ ತಂಡಕ್ಕೆ ತೆರೆದದ್ದು 1975ರಲ್ಲಿ, ಮಿಲಿಟರಿ ಆಡಳಿತ ಬಿದ್ದ ಮೇಲೆ. ಇಂಗ್ಲೆಂಡಿನ ಪೀಟರ್ ಹಾಲ್ 1982ರಲ್ಲಿ ಬಂದು ಎಲ್ಲರಿಗೂ ಮುಖವಾಡ ಹಾಕಿಸಿ ‘ಒರೆಸ್ತೈಯಾ’ ಆಡಿಸಿದರು.

ಸಂಜೆ ಏಳರಿಂದಲೇ ಬಸ್ಸುಗಳು ಬರತೊಡಗಿದವು. ಅಜ್ಜಿಯರು, ಕಾಲೇಜು ಹುಡುಗರು, ಕೂಸು ಎತ್ತಿಕೊಂಡವರು. ಕಲ್ಲು ಇನ್ನೂ ಬಿಸಿ ಇತ್ತು. ಶಾಲು ಮಡಿಸಿ ಹಾಕಿ ಕೂತೆ. ಜೀರುಂಡೆಗಳ ಸದ್ದು ಕಿವಿ ತುಂಬಿತ್ತು, ಕತ್ತಲಾಗುತ್ತ ಅದು ತಾನೇ ನಿಂತಿತು. ಒಂದು ಗೂಬೆ ಕೂಗಲು ಶುರು ಮಾಡಿತು.

ಒಂಬತ್ತು ದಾಟಿತ್ತು. ದೀಪ ಆರಿತು. ಮೊದಲು ಬಂದದ್ದು ಸದ್ದು. ಎಡಗಡೆಯ ದಾರಿಯಿಂದ ಮಣ್ಣಿನ ಮೇಲೆ ಕಾಲು ಎಳೆಯುವ ಸದ್ದು. ಆಮೇಲೆ ಉಸಿರು. ಹದಿನೈದು ಜನ ಒಟ್ಟಿಗೆ ಉಸಿರು ಎಳೆದುಕೊಂಡು ಒಟ್ಟಿಗೆ ಬಿಟ್ಟರು. ಆ ಉಸಿರು ನಾನಿದ್ದ ಎತ್ತರಕ್ಕೂ ಬಂತು. ಗಂಡಸರು, ಹೆಂಗಸರು, ಎಲ್ಲರೂ ಬೂದು ಬಟ್ಟೆ, ಕೈಯಲ್ಲಿ ಕೋಲು. ಯುದ್ಧಕ್ಕೆ ಹೋದವರ ಹೆಸರು ಹೇಳಲು ಶುರು ಮಾಡಿದರು. ಅಮಿಸ್ತ್ರೀಸ್, ಅರ್ತಫ್ರೀನೀಸ್, ಮೆಗಬಾತೀಸ್, ಅಸ್ತಾಸ್ಪೀಸ್. ಒಂದು ಹೆಸರಿಗೆ ಒಂದು ಹೆಜ್ಜೆ. ದೀಪದ ಬೆಳಕಿನಲ್ಲಿ ಪ್ರತಿ ಹೆಜ್ಜೆಗೂ ಮಣ್ಣಿನ ಸಣ್ಣ ಹೊಗೆ ಏಳುತ್ತಿತ್ತು.

ನಾಟಕ ಈಗಿನ ಗ್ರೀಕಿನಲ್ಲಿ. ಪಕ್ಕದ ಪರದೆಯ ಮೇಲೆ ಇಂಗ್ಲಿಷ್ ಸಾಲು ಬರುತ್ತಿತ್ತು, ನಾನು ನೋಡಲಿಲ್ಲ. ಕನ್ನಡದ ಸಾಲು ನನ್ನೊಳಗೇ ಓಡುತ್ತಿತ್ತು. ದೂತ ಬಂದ. ಸಲಾಮಿಸ್ ಕಥೆ ಹೇಳಿದ. ಗ್ರೀಕರ ಮಕ್ಕಳೇ ಮುನ್ನುಗ್ಗಿ, ನಾಡನ್ನು ಬಿಡಿಸಿ ಅನ್ನುವ ಕೂಗು ನೀರಿನ ಮೇಲೆ ಕೇಳಿಸಿತು ಅಂತ ಅವನು ಹೇಳುವ ಜಾಗ ಇದೆಯಲ್ಲ, ಅಲ್ಲಿ ಜನ ಚಪ್ಪಾಳೆ ತಟ್ಟುತ್ತಾರೇನೋ ಅಂದುಕೊಂಡಿದ್ದೆ. ಯಾರೂ ತಟ್ಟಲಿಲ್ಲ. ದೂತ ಅದನ್ನು ಭಯದಿಂದ ಹೇಳಿದ, ಸೋತವನ ಕಿವಿಗೆ ಆ ಕೂಗು ಹೇಗೆ ಕೇಳಿಸಿತೋ ಹಾಗೆ.

ಎಲ್ಲವೂ ಹಿಡಿಸಿತು ಅನ್ನಲಾರೆ. ರಾಣಿಗೆ ಮೈಕ್ ಕಟ್ಟಿದ್ದರು. ಇಂಥ ಜಾಗದಲ್ಲಿ ಅದು ಬೇಡವಾಗಿತ್ತು, ದನಿ ಅವಳ ಬಾಯಿಂದ ಬರದೆ ಎಲ್ಲಿಂದಲೋ ಬಂದ ಹಾಗಿತ್ತು. ಸತ್ತ ದೊರೆ ದರಾಯಸ್‌ನ ಪ್ರೇತ ಬರುವಾಗ ಹೊಗೆ ಜಾಸ್ತಿಯಾಯಿತು. ಅವನನ್ನು ಎಬ್ಬಿಸಲು ಮೇಳ ನೆಲ ತಟ್ಟಿದ್ದೇ ಸಾಕಿತ್ತು. ಅಂಗೈಯಲ್ಲಿ ಮಣ್ಣು ತಟ್ಟುವ ಆ ಸದ್ದಿಗೆ ನನ್ನ ಮೈ ಜುಮ್ಮೆಂದಿತ್ತು.

ಕೊನೆಗೆ ಕ್ಸರ್ಕ್ಸೀಸ್ ಬಂದ. ಹರಿದ ಬಟ್ಟೆ, ಜೊತೆಗೆ ಯಾರೂ ಇಲ್ಲ. ಮೇಳ ಅವನನ್ನು ಸುತ್ತುವರಿದು ಕೇಳಲು ಶುರು ಮಾಡಿತು. ಫರಂದಾಕೀಸ್ ಎಲ್ಲಿ? ಸೂಸಾಸ್ ಎಲ್ಲಿ? ಪೆಲಗೋನ್ ಎಲ್ಲಿ? ಅವನ ಹತ್ತಿರ ಉತ್ತರ ಇಲ್ಲ, ಬಿಟ್ಟು ಬಂದೆ, ಬಿಟ್ಟು ಬಂದೆ ಅನ್ನುತ್ತಾನೆ. ರನ್ನನ ದುರ್ಯೋಧನ ಹೆಣಗಳ ನಡುವೆ ನಡೆಯುತ್ತ ಒಬ್ಬೊಬ್ಬರನ್ನೇ ಕಂಡು ಅಳುತ್ತಾನಲ್ಲ, ಅದೇ ನೆನಪಾಯಿತು. ಆ ದುರ್ಯೋಧನನಲ್ಲಿ ರುದ್ರನಾಟಕದ ನಾಯಕನನ್ನು ಕಂಡವರೂ ಬಿ.ಎಂ.ಶ್ರೀಯವರೇ. ಇಲ್ಲಿ ಮಾತು ಮುಗಿದು ಬರೀ ಅಳು ಉಳಿಯುತ್ತದೆ. ‘ಒತೊತೊತೊಯ್’ ಅನ್ನುವ ಕೂಗನ್ನು ಯಾವ ಭಾಷೆಗೂ ಅನುವಾದ ಮಾಡಬೇಕಿಲ್ಲ. ದೊರೆ ಕೂಗುತ್ತಾನೆ, ಮೇಳ ತಿರುಗಿ ಕೂಗುತ್ತದೆ. ಹಾಗೇ ಅಳುತ್ತ, ಬಂದ ದಾರಿಯಲ್ಲೇ ಕತ್ತಲಿಗೆ ಹೋದರು.

ನನ್ನ ಪಕ್ಕ ಕೂತಿದ್ದ ವಯಸ್ಸಾದ ಹೆಂಗಸು ಕಣ್ಣು ಒರೆಸಿಕೊಳ್ಳುತ್ತಿದ್ದರು. ಪುಟ್ಟಿ ನೀರು ಕೊಟ್ಟಳು. ಅವರು ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದರು. ಅವರ ಅಜ್ಜಿಯದು ಈಗಿನ ಟರ್ಕಿಯಲ್ಲಿರುವ ಸ್ಮಿರ್ನಾ ಊರಂತೆ. 1922ರಲ್ಲಿ ಊರು ಸುಟ್ಟಾಗ ಹಡಗು ಹತ್ತಿ ಬಂದವರು. ಸಾಯುವ ತನಕ ಅಜ್ಜಿ ಬೀದಿಯ ಒಂದೊಂದೇ ಮನೆಯವರ ಹೆಸರು ಹೇಳಿ, ಅವರು ಎಲ್ಲಿ, ಇವರು ಎಲ್ಲಿ ಅಂತ ಕೇಳುತ್ತಿದ್ದರಂತೆ. ಹೇಳಿ ನನ್ನ ಕೈ ಒಮ್ಮೆ ಹಿಡಿದು, ಮೆಟ್ಟಿಲು ಇಳಿದು ಹೋದರು.

ರಾತ್ರಿ ಒಂದು ಗಂಟೆಗೆ ಲಿಗೂರಿಯೋದ ಒಂದು ಊಟದ ಮನೆಯಲ್ಲಿ ಕೂತಿದ್ದೆವು. ಗೋಡೆ ತುಂಬ ನಟನಟಿಯರ ಹಳೆಯ ಫೋಟೋ. ಆಟ ಮುಗಿಸಿ ತಂಡದವರು ಅಲ್ಲಿಗೇ ಊಟಕ್ಕೆ ಬಂದರು, ಜನ ಎದ್ದು ಚಪ್ಪಾಳೆ ತಟ್ಟಿದರು. ಮೇಳದ ಒಬ್ಬ ಹುಡುಗಿ ನಮ್ಮ ಪಕ್ಕದ ಟೇಬಲ್ಲಿಗೆ ಬಂದಳು. ಮುಖ ತೊಳೆದಿದ್ದಳು, ಉಗುರಿನ ಸಂದಿಯಲ್ಲಿ ಅಂಗಳದ ಮಣ್ಣು ಹಾಗೇ ಇತ್ತು. ಪುಟ್ಟಿ ಧೈರ್ಯ ಮಾಡಿ ಮಾತಾಡಿಸಿ, ನನ್ನ ಪ್ರಶ್ನೆ ಕೇಳಿದಳು. ಅಷ್ಟು ಜನ ಒಟ್ಟಿಗೆ ಮಾತಾಡಿದರೂ ಪಾಠ ಒಪ್ಪಿಸಿದ ಹಾಗೆ ಆಗುವುದಿಲ್ಲವಲ್ಲ, ಹೇಗೆ?

ಆ ಹುಡುಗಿ ಚಮಚ ಕೆಳಗಿಟ್ಟಳು. “ಮೊದಲ ಮೂರು ವಾರ ನಮಗೆ ಮಾತೇ ಕೊಡಲಿಲ್ಲ” ಅಂದಳು. ದಿನಾ ಅಂಗಳದಲ್ಲಿ ನಡೆದರಂತೆ. ಸುಮ್ನೆ ನಡೆಯುವುದು. ಪಕ್ಕದವರ ಉಸಿರು ಕೇಳಿಸಿಕೊಳ್ಳುವುದು. ಎಲ್ಲರ ಉಸಿರು ಒಂದಾದ ದಿನ ಒಂದು ಹೆಸರು ಕೊಟ್ಟರು. ಒಂದೇ ಹೆಸರು. ಮರುದಿನ ಇನ್ನೊಂದು. “ನಾವು ಎಣಿಸುವುದಿಲ್ಲ, ಕೇಳಿಸಿಕೊಳ್ಳುತ್ತೇವೆ” ಅಂತ ಹೇಳಿ, ಟೇಬಲ್ಲಿನ ಮೇಲೆ ಅಂಗೈಯಿಂದ ಮೂರು ಸಲ ಮೆಲ್ಲಗೆ ತಟ್ಟಿ ತೋರಿಸಿದಳು.

ನಾವು ಊರಿನಲ್ಲಿ ಮೊದಲ ದಿನವೇ ಎಲ್ಲರ ಕೈ ತುಂಬ ಮಾತು ಹಂಚಿದ್ದೆವು.

ಆರನೇ ದಿನ, ಶನಿವಾರ: ವಾಪಸ್

ಅಥೆನ್ಸ್ ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕಿತು. ನೋಟ್‌ಬುಕ್ ತೆಗೆದು ಹೆಸರುಗಳನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದುಕೊಂಡೆ. ಮೆಲ್ಲಗೆ ಓದಿ ನೋಡಿದೆ. ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅಂತ ಗೊತ್ತಾಗುತ್ತಿರಲಿಲ್ಲ.

“ಮಾವ, ನಾನು ಹಿಡ್ಕೊಳ್ತೀನಿ, ನೀವು ಹೇಳಿ” ಅಂದಳು ಪುಟ್ಟಿ. ಕಣ್ಣು ಮುಚ್ಚಿಕೊಂಡಳು. ನನ್ನ ಉಸಿರಿಗೆ ಅವಳ ಉಸಿರು ಸೇರಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಾನು “ಫರಂದಾಕೀಸ್” ಅಂದೆ. ಅವಳು “ಎಲ್ಲಿ?” ಅಂದಳು. “ಸೂಸಾಸ್.” “ಎಲ್ಲಿ?” “ಪೆಲಗೋನ್.” ಮುಂದಿನ ಸೀಟಿನಲ್ಲಿದ್ದ ಹುಡುಗ ಕಿವಿಯಿಂದ ಇಯರ್‌ಫೋನ್ ತೆಗೆದು ತಿರುಗಿ ನೋಡಿದ. ಬಸ್ಸು ಕೊರಿಂತ್ ಕಾಲುವೆಯ ಸೇತುವೆ ದಾಟುತ್ತಿತ್ತು. ನಾವು ಪಟ್ಟಿಯ ಅರ್ಧದಲ್ಲಿದ್ದೆವು.